ನಾಗವಲ್ಲಿ ಮನೆ ಬದಲಿಸಿದ ಕತೆ

ಹೆದರಿಸುವ ಸಿನಿಮಾ ಇನ್ನೊಂದು ಭಾಷೆಗೆ ಹೋದಾಗ, ಅಥವಾ ಅದಕ್ಕೆ ಎರಡನೇ ಭಾಗ ಹುಟ್ಟಿದಾಗ, ಮೂಲದ ಹೆದರಿಕೆಯಲ್ಲಿ ಎಷ್ಟು ಉಳಿಯುತ್ತದೆ? ಇದನ್ನು ನೋಡಲು ಕನ್ನಡದಲ್ಲಿ 'ಆಪ್ತಮಿತ್ರ'ದಷ್ಟು ಅನುಕೂಲವಾದ ಚಿತ್ರ ಇನ್ನೊಂದಿಲ್ಲ. ಅದೇ ಒಂದು ರೀಮೇಕು. ಅದಕ್ಕೊಂದು ಮುಂದಿನ ಭಾಗ ಬಂತು, ಆ ಮುಂದಿನ ಭಾಗ ತೆಲುಗಿಗೆ ರೀಮೇಕಾಯಿತು. ಕೊಕ್ಕರ್ಣೆಯ ಒಂದು ಮನೆಯ ಮಾವ, ಅಳಿಯ, ಅಂದರೆ ತಾಯಿಯ ಅಣ್ಣ ಮತ್ತು ತಂಗಿಯ ಮಗ, ಇವರಿಬ್ಬರ ಮಾತು ಈ ಸಾಲನ್ನೇ ಹಿಡಿದು ಸಾಗುತ್ತದೆ. ಮಾವ ಉಡುಪಿಯ ಟಾಕೀಸುಗಳಲ್ಲಿ ಸಿನಿಮಾ ನೋಡಿದ ಕಾಲದವರು. ಅಳಿಯ ಬೆಂಗಳೂರಿನಲ್ಲಿ ಕೆಲಸ ಮಾಡುತ್ತಾ ಎಲ್ಲ ಭಾಷೆಯ ಚಿತ್ರಗಳನ್ನೂ ಫೋನಿನಲ್ಲೇ ನೋಡುವವನು.

ಅಳಿಯ: ಮೂಲದಿಂದಲೇ ಹೊರಡಬೇಕು, ಮಾವ. ಮಲಯಾಳದ 'ಮಣಿಚಿತ್ರತ್ತಾಳ್' ಬಂದದ್ದು 1993ರ ಡಿಸೆಂಬರಿನಲ್ಲಿ. ನಿರ್ದೇಶಕ ಫಾಸಿಲ್, ಬರೆದವರು ಮಧು ಮುಟ್ಟಂ. ಒಂದು ಹಳೆಯ ತರವಾಡು ಮನೆ, ಅದರಲ್ಲಿ ಬೀಗ ಜಡಿದ ಒಂದು ಕೋಣೆ. ಆ ಮನೆಯ ಹಿಂದಿನ ಯಜಮಾನ ಶಂಕರನ್ ತಂಬಿ ತಂಜಾವೂರಿನಿಂದ ನಾಗವಲ್ಲಿ ಎಂಬ ನರ್ತಕಿಯನ್ನು ಕರೆತಂದನಂತೆ, ಅವಳ ಮನಸ್ಸು ಇನ್ನೊಬ್ಬನ ಮೇಲಿದೆ ಎಂದು ಗೊತ್ತಾದಾಗ ದುರ್ಗಾಷ್ಟಮಿಯ ರಾತ್ರಿ ಕೊಂದನಂತೆ. ಈ ಐತಿಹ್ಯದ ಮನೆಗೆ ಸೊಸೆಯಾಗಿ ಬಂದ ಗಂಗಾ ಕೋಣೆಯ ಬೀಗ ತೆಗೆಸುತ್ತಾಳೆ. ಅಲ್ಲಿಂದ ಗೆಜ್ಜೆಯ ಸದ್ದು, ಒಡೆಯುವ ಗಾಜು, ಹತ್ತುವ ಬೆಂಕಿ. ಕಡೆಗೆ ತಿಳಿಯುವುದೇನೆಂದರೆ ದೆವ್ವ ಎಂಬುದೇ ಇಲ್ಲ. ಇರುವುದು ಗಂಗಾಳ ಕಾಯಿಲೆ. ಚಿಕ್ಕಂದಿನಲ್ಲಿ ಅಪ್ಪ ಅಮ್ಮನಿಂದ ದೂರವಾಗಿ ಅಜ್ಜಿಯ ಹತ್ತಿರ ಬೆಳೆದ ಹುಡುಗಿ, ತನ್ನ ನೋವಿಗೆ ಒಂದು ಸತ್ತ ಹೆಣ್ಣಿನ ವೇಷ ತೊಡಿಸಿಕೊಂಡಿದ್ದಾಳೆ. ಗಂಗಾಳ ಪಾತ್ರಕ್ಕೆ ಶೋಭನಾ ಅವರಿಗೆ ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿ ಸಿಕ್ಕಿತು. ಒಳ್ಳೆಯ ಮನರಂಜನೆಯ ಜನಪ್ರಿಯ ಚಿತ್ರ ಎಂಬ ರಾಷ್ಟ್ರಪ್ರಶಸ್ತಿಯೂ ಇದಕ್ಕೇ ಬಂತು.

ಮಾವ: ಆ ಚಿತ್ರದಲ್ಲಿ ನಮ್ಮ ಕಡೆಯವರೂ ಇದ್ದಾರೆ, ಮಾಣಿ. ದೆವ್ವ ಹಿಡಿದದ್ದು ಇವಳಿಗೇ ಎಂದು ಎಲ್ಲರೂ ಅನುಮಾನಪಡುವ ಶ್ರೀದೇವಿಯ ಪಾತ್ರ ಮಾಡಿದ ವಿನಯಾ ಪ್ರಸಾದ್ ಉಡುಪಿಯವರು. ನಾಗವಲ್ಲಿಯ ಪ್ರಿಯಕರ ರಾಮನಾಥನಾಗಿ ಕುಣಿದದ್ದು ಕನ್ನಡದ ಶ್ರೀಧರ್. ಆದರೆ 1993ರಲ್ಲಿ ಕೊಕ್ಕರ್ಣೆಯಲ್ಲಿ ಯಾರು ಮಲಯಾಳ ಸಿನಿಮಾ ನೋಡಿದ್ದಾರೆ? ಇಲ್ಲಿಯವರಿಗೆ ನಾಗವಲ್ಲಿ ಎಂದರೆ ಸೌಂದರ್ಯ. ಶೋಭನಾ ಅಲ್ಲ.

ಅಳಿಯ: ರೀಮೇಕಿನ ಬಂಡವಾಳವೇ ಅದು. 'ಆಪ್ತಮಿತ್ರ' ಬಂದದ್ದು 2004ರ ಆಗಸ್ಟಿನಲ್ಲಿ. ದ್ವಾರಕೀಶ್ ನಿರ್ಮಾಪಕರು, ಪಿ. ವಾಸು ನಿರ್ದೇಶಕರು, ಸಂಗೀತ ಗುರುಕಿರಣ್. ಮಲಯಾಳದ ಗುಟ್ಟು ಕನ್ನಡದ ಪ್ರೇಕ್ಷಕನಿಗೆ ಗೊತ್ತಿರಲಿಲ್ಲ, ಗೊತ್ತಾಗುವ ದಾರಿಯೂ ಇರಲಿಲ್ಲ. ಕನ್ನಡದಲ್ಲಿ 1960ರ ದಶಕದಿಂದ ಡಬ್ಬಿಂಗಿಗೆ ವಿರೋಧ ಇತ್ತು. ಕಾನೂನಲ್ಲ, ಉದ್ಯಮದ ಕಟ್ಟುಪಾಡು. ಬೇರೆ ಭಾಷೆಯ ಕತೆ ಕನ್ನಡದಲ್ಲಿ ಕೇಳಬೇಕಾದರೆ ಅದನ್ನು ಮತ್ತೆ ಮೊದಲಿನಿಂದ ತೆಗೆಯಬೇಕಿತ್ತು. ಹಾಗಾಗಿ ಕನ್ನಡದಲ್ಲಿ ರೀಮೇಕು ಹೆಚ್ಚಾದದ್ದಕ್ಕೆ ಕತೆಗಾರರ ಸೋಮಾರಿತನ ಒಂದೇ ಕಾರಣ ಅಲ್ಲ.

ಮಾವ: ಹಾಗಾದರೆ 'ಆಪ್ತಮಿತ್ರ' ಬರೀ ನಕಲೋ?

ಅಳಿಯ: ಅಲ್ಲ. ಮೂಲದಲ್ಲಿ ಮೋಹನ್‌ಲಾಲ್ ಮಾಡಿದ ಡಾಕ್ಟರು ಸನ್ನಿ ಬರುವುದು ಸುಮಾರು ಒಂದು ಗಂಟೆ ಕಳೆದ ಮೇಲೆ. ಅಲ್ಲಿಯವರೆಗೆ ಮನೆಯೇ ನಾಯಕ: ಅದರ ಮೆಟ್ಟಿಲು, ಕತ್ತಲೆ, ಅಜ್ಜ ಅಜ್ಜಿಯರ ಪಿಸುಮಾತು. ಕನ್ನಡದಲ್ಲಿ ವಿಷ್ಣುವರ್ಧನ್ ಅವರನ್ನು ಒಂದು ಗಂಟೆ ಕಾಯಿಸಲು ಯಾರಿಗೂ ಧೈರ್ಯ ಇಲ್ಲ. ಡಾಕ್ಟರು ವಿಜಯ್ ಮೊದಲೇ ಬರುತ್ತಾನೆ, ಹಾಡು, ಹೊಡೆದಾಟ, ದ್ವಾರಕೀಶರ ತಮಾಷೆ ಎಲ್ಲ ಜೊತೆಗೆ ಬರುತ್ತದೆ. ಹಾಗೆ ಬಂದಾಗ ಒಂದು ನಷ್ಟ ಆಗುತ್ತದೆ. ಕಾಪಾಡುವವನು ಬಾಗಿಲಲ್ಲೇ ನಿಂತಿದ್ದಾನೆ ಎಂದು ಗೊತ್ತಿದ್ದರೆ ಕತ್ತಲೆ ಅಷ್ಟು ಕತ್ತಲೆಯಾಗಿ ಕಾಣುವುದಿಲ್ಲ.

ಮಾವ: ಲಾಭವೂ ಆಗುತ್ತದೆ, ಅದನ್ನೂ ಹೇಳು. ಕಾಯಿಲೆ, ಮನೋವೈದ್ಯ ಎಂದೆಲ್ಲ ಹೇಳಿದರೆ ಎದ್ದು ಹೋಗುವ ಜನ ವಿಷ್ಣುವರ್ಧನ್ ಹೇಳಿದ್ದಕ್ಕೆ ಕೂತು ಕೇಳಿದರು. ದೆವ್ವ ಬಿಡಿಸಲು ಬಂದ ಆಚಾರ್ಯರೂ ಡಾಕ್ಟರೂ ಒಂದೇ ಮನೆಯಲ್ಲಿ ಒಬ್ಬರಿಗೊಬ್ಬರು ಗೌರವ ಕೊಟ್ಟು ಕೆಲಸ ಮಾಡುವುದನ್ನು ಕಂಡರು. ಆ ಕಾಲದಲ್ಲಿ ಹಳ್ಳಿಯಲ್ಲಿ ಮೈಮೇಲೆ ಬರುವ ಹೆಂಗಸನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಎಂದು ಹೇಳಿದರೆ ಬೈಸಿಕೊಳ್ಳಬೇಕಿತ್ತು ಮಾರಾಯ. ಸಿನಿಮಾ ನೋಡಿ ಊರು ಬದಲಾಯಿತು ಎಂದಲ್ಲ. ಆ ಮಾತು ಆಡಲು ಒಂದು ನೆಪ ಸಿಕ್ಕಿತು.

ಅಳಿಯ: ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಲು ಒಂದೇ ದೃಶ್ಯ ಸಾಕು. ಗಂಗಾ ಮಲಗುವ ಕೋಣೆಯಲ್ಲಿ ಹೊರಡಲು ತಯಾರಾಗಿ ನಿಂತಿದ್ದಾಳೆ. ಮನೆಯ ಹುಡುಗಿಯೊಬ್ಬಳ ಮದುವೆಗೆ ಒಡವೆ ತರಲು ಹೋಗುತ್ತೇನೆ ಎನ್ನುತ್ತಾಳೆ. ಡಾಕ್ಟರು ಮೊದಲೇ ಹೇಳಿಕೊಟ್ಟಂತೆ ಗಂಡ ಹೋಗಬೇಡ ಎನ್ನುತ್ತಾನೆ. ಅವಳು ಮೊದಲು ನಗುತ್ತಲೇ ಕೇಳುತ್ತಾಳೆ, ಯಾಕೆ ಎಂದು. ಅವನು ಮತ್ತೆ ಬೇಡ ಎನ್ನುತ್ತಾನೆ. ಕಣ್ಣು ಅಗಲವಾಗುತ್ತದೆ, ದನಿ ಕೆಳಗಿಳಿಯುತ್ತದೆ, ಭಾಷೆ ಬದಲಾಗುತ್ತದೆ, ಮಂಚದ ಒಂದು ಬದಿ ನೆಲ ಬಿಟ್ಟು ಮೇಲೇಳುತ್ತದೆ. ಗಂಡ ಹೆಸರು ಹಿಡಿದು ಕೂಗಿದ್ದೇ ತಡ, ಮಂಚ ಕೆಳಗಿಟ್ಟು ಏನಾಯಿತು ಎಂದು ಕೇಳುವ ಹೆಂಡತಿ. ಕನ್ನಡದಲ್ಲಿಯೂ ಇದೇ ದೃಶ್ಯ, ಇದೇ ಮಂಚ. ಮಲಯಾಳದಲ್ಲಿ ಈ ತಿರುವು ಶೋಭನಾ ಅವರ ಮುಖದಷ್ಟೇ ದನಿಯ ಮೇಲೂ ನಿಂತಿದೆ. ಗಂಗಾಳಿಗೆ ಭಾಗ್ಯಲಕ್ಷ್ಮಿ ಅವರ ಕಂಠ, ನಾಗವಲ್ಲಿಯಾದಾಗ ದುರ್ಗಾ ಎಂಬ ತಮಿಳು ಕಂಠದಾನ ಕಲಾವಿದೆಯದ್ದು. ಒಂದೇ ಬಾಯಿಯಿಂದ ಎರಡು ಹೆಂಗಸರ ದನಿ ಬರುವಾಗ ಮೈ ಜುಂ ಎನ್ನುವುದು ಅದಕ್ಕೇ. ದುರ್ಗಾ ಅವರ ಹೆಸರು ಬಹಳ ಕಾಲ ಯಾರಿಗೂ ಗೊತ್ತಿರಲಿಲ್ಲ.

ಮಾವ: ಸೌಂದರ್ಯ ಕನ್ನಡತಿ, ತೆಲುಗು ಸಿನಿಮಾದಲ್ಲೇ ಹೆಚ್ಚು ಕೆಲಸ ಮಾಡಿದವರು. ನಾಗವಲ್ಲಿ ತೆಲುಗು ಮಾತಾಡುವಾಗ ಅವರಿಗೆ ಅದು ಬಾಯಿಪಾಠ ಮಾಡಿದ ತೆಲುಗಲ್ಲ.

ಅಳಿಯ: ಈ ರೀಮೇಕುಗಳಲ್ಲಿ ಎಲ್ಲಕ್ಕಿಂತ ಗಮನಿಸಬೇಕಾದ್ದು ಇದೇ. ಮಲಯಾಳದ ಮನೆಯಲ್ಲಿ ದೆವ್ವ ತಮಿಳು ಆಡುತ್ತದೆ. ಕನ್ನಡದ ಅರಮನೆಯಲ್ಲಿ ತೆಲುಗು. ರಜನೀಕಾಂತರ 'ಚಂದ್ರಮುಖಿ'ಯಲ್ಲಿ, ಅದೂ ಪಿ. ವಾಸು ಅವರದ್ದೇ, 2005ರದ್ದು, ತಮಿಳರ ಬಂಗಲೆಯಲ್ಲಿ ಮತ್ತೆ ತೆಲುಗು. ಪ್ರಿಯದರ್ಶನ್ 2007ರಲ್ಲಿ ಮಾಡಿದ ಹಿಂದಿಯ 'ಭೂಲ್ ಭುಲೈಯಾ'ದಲ್ಲಿ ಮಂಜುಲಿಕಾ ಆಡುವುದು ಬಂಗಾಳಿ. ಅರ್ಧಂಬರ್ಧ ತಿಳಿಯುವ ಭಾಷೆಯೇ ಬೇಕು. ಪೂರ್ತಿ ತಿಳಿದರೆ ಮನೆಯ ಹೆಂಗಸು, ಏನೂ ತಿಳಿಯದಿದ್ದರೆ ಬರೀ ಗಲಾಟೆ. ಜೊತೆಗೆ ಹಳೆಯ ಇತಿಹಾಸವೂ ಸೇರಿದೆ: ತಂಜಾವೂರು, ಆಂಧ್ರ, ಬಂಗಾಳ ಎಂದರೆ ನೃತ್ಯ, ಸಂಗೀತ ತಿಳಿದ ಹೆಂಗಸರನ್ನು ದೊರೆಗಳು ತರಿಸಿಕೊಳ್ಳುತ್ತಿದ್ದ ಊರುಗಳು ಎಂಬ ನೆನಪು. ದೂರದ ಊರಿನಿಂದ ತಂದು ಕೂಡಿಹಾಕಿದ ಹೆಣ್ಣಿಗೆ ಆದ ಅನ್ಯಾಯ ಪ್ರತಿ ಚಿತ್ರದಲ್ಲಿಯೂ ಆ ಮನೆಯದಲ್ಲದ ಭಾಷೆಯಲ್ಲಿ ಬಂದು ಕೇಳುತ್ತದೆ. ಇದು ತಿಳಿದು ಮಾಡಿದ ಬದಲಾವಣೆ. ಅಕ್ಷರಕ್ಕೆ ಅಕ್ಷರ ಇಳಿಸುತ್ತಿದ್ದರೆ ಕನ್ನಡದಲ್ಲಿಯೂ ನಾಗವಲ್ಲಿ ತಮಿಳೇ ಆಡುತ್ತಿದ್ದಳು.

ಮಾವ: ಅಕ್ಷರಕ್ಕೆ ಅಕ್ಷರ ಇಳಿಸಿದವರು ಇದ್ದಾರೋ?

ಅಳಿಯ: ಇದ್ದಾರೆ. ಹಿಚ್‌ಕಾಕ್ 1960ರಲ್ಲಿ ತೆಗೆದ 'ಸೈಕೋ'ವನ್ನು ಗಸ್ ವಾನ್ ಸ್ಯಾಂಟ್ ಎಂಬ ನಿರ್ದೇಶಕ 1998ರಲ್ಲಿ ಹೆಚ್ಚುಕಡಿಮೆ ಶಾಟಿಗೆ ಶಾಟು ಇಟ್ಟು ಬಣ್ಣದಲ್ಲಿ ತೆಗೆದರು. ಅದೇ ಮನೆ, ಅದೇ ಸ್ನಾನದ ಕೋಣೆ, ಅದೇ ಚೂರಿ. ಹೆದರಿಕೆ ಮಾತ್ರ ಬರಲಿಲ್ಲ. ಅಮೆರಿಕದಲ್ಲಿ ಆ ಗುಟ್ಟು ಗೊತ್ತಿಲ್ಲದವರು ಯಾರೂ ಉಳಿದಿರಲಿಲ್ಲ. ಜಪಾನಿನ 'ರಿಂಗು' 1998ರದ್ದು, ಹಿದೆಯೊ ನಕಾತಾ ನಿರ್ದೇಶನ. ಅದನ್ನು 2002ರಲ್ಲಿ 'ದಿ ರಿಂಗ್' ಎಂದು ಹಾಲಿವುಡ್ಡಿನಲ್ಲಿ ಗೋರ್ ವರ್ಬಿನ್‌ಸ್ಕಿ ತೆಗೆದಾಗ ಚಿತ್ರ ಗೆದ್ದಿತು. ಜಪಾನೀ ಚಿತ್ರ ನೋಡದವರೇ ಅಲ್ಲಿ ಹೆಚ್ಚು, ಟೀವಿಯೊಳಗಿಂದ ಹೊರಗೆ ತೆವಳಿ ಬರುವ ಹುಡುಗಿಯನ್ನು ಅವರು ಕಂಡದ್ದೇ ಮೊದಲು.

ಮಾವ: ಅದರ ಎರಡನೇ ಭಾಗ?

ಅಳಿಯ: 2005ರಲ್ಲಿ ಬಂತು. ಅದಕ್ಕೆ ಜಪಾನಿನಿಂದ ಮೂಲದ ನಕಾತಾ ಅವರನ್ನೇ ಕರೆಸಿದರು. ಮೂಲದ ನಿರ್ದೇಶಕ ಬಂದರೂ ಮೂಲದ ಹೆದರಿಕೆ ಬರಲಿಲ್ಲ. ಇದರಿಂದ ಒಂದು ಲೆಕ್ಕಾಚಾರ ಕಾಣುತ್ತದೆ, ಮಾವ. ರೀಮೇಕಿಗೆ ಬೇಕಾದವನು ಗುಟ್ಟು ಗೊತ್ತಿಲ್ಲದ ಪ್ರೇಕ್ಷಕ. ಎರಡನೇ ಭಾಗಕ್ಕೆ ಬೇಕಾದವನು ಗುಟ್ಟು ಗೊತ್ತಿರುವ ಪ್ರೇಕ್ಷಕ. ಟಿಕೆಟು ತೆಗೆಯುವವರೇ ಬೇರೆ ಬೇರೆ. ರೀಮೇಕು ಮೂಲವನ್ನು ಮುಚ್ಚಿಡಬಹುದು, ಸೀಕ್ವೆಲ್ಲಿಗೆ ಆ ದಾರಿ ಇಲ್ಲ.

ಮಾವ: ಆದರೆ ಗುಟ್ಟು ಗೊತ್ತಿದ್ದರೆ ಹೆದರಿಕೆ ಇಲ್ಲ ಎನ್ನುವುದನ್ನು ಇಲ್ಲಿಯವರು ಒಪ್ಪುವುದಿಲ್ಲ. ಮಂದಾರ್ತಿ ಯಕ್ಷಗಾನ ಮೇಳದ ಹರಕೆ ಆಟ ಈ ಸುತ್ತಿನಲ್ಲಿ ಎಷ್ಟು ಮನೆಯಲ್ಲಿ ಆಗುತ್ತದೆ! ಪ್ರಸಂಗದ ಕತೆ ಅಲ್ಲಿ ಕೂತ ಮಕ್ಕಳಿಗೂ ಗೊತ್ತು. ಆದರೂ ಬಣ್ಣದ ವೇಷ ತೆರೆಯ ಹಿಂದೆ ನಿಂತು ಅಟ್ಟಹಾಸ ಹಾಕಿದರೆ, ತೆರೆಯ ಮೇಲೆ ಕಿರೀಟದ ತುದಿ ಮಾತ್ರ ಅಲ್ಲಾಡುತ್ತಿದ್ದರೆ, ಮಡಿಲಲ್ಲಿ ಮಲಗಿದ ಮಗು ಎದ್ದು ಕೂರುತ್ತದೆ. ದೊಡ್ಡವರ ನಿದ್ದೆಯೂ ಬಿಡುತ್ತದೆ. ಕತೆ ಗೊತ್ತಿದ್ದ ಮೇಲೂ ವೇಷದ ಹೆದರಿಕೆ ಹೋಗುವುದಿಲ್ಲ. ಅದೇ ವೇಷವನ್ನು ಈ ವರ್ಷ ಒಬ್ಬರು, ಮುಂದಿನ ವರ್ಷ ಇನ್ನೊಬ್ಬರು ಮಾಡುತ್ತಾರೆ. ಶೋಭನಾ ಮಾಡಿದ್ದನ್ನು ಸೌಂದರ್ಯ ಮಾಡಿದರು, ಜ್ಯೋತಿಕಾ ಮಾಡಿದರು, ವಿದ್ಯಾ ಬಾಲನ್ ಮಾಡಿದರು. ಇಲ್ಲಿಯ ಜನ ಕೇಳುವುದು ಯಾರ ವೇಷ ಹೇಗಾಯಿತು ಎಂದು ಮಾತ್ರ. ಮೂಲ ಯಾರದ್ದು ಎಂದು ಯಾರೂ ಕೇಳುವುದಿಲ್ಲ.

ಅಳಿಯ: ವೇಷಧಾರಿಗೆ ಒಂದು ಸ್ವಾತಂತ್ರ್ಯ ಇದೆ, ಮಾವ. ಆ ರಾತ್ರಿ ಏನು ಮಾತಾಡಬೇಕು, ಎಷ್ಟು ಹೊತ್ತು ಕುಣಿಯಬೇಕು ಎಂಬುದು ಅವರ ಕೈಯಲ್ಲಿ, ಭಾಗವತರ ಕೈಯಲ್ಲಿ. ಭಾಗವತರು ಪದ್ಯ ಎತ್ತಿದ ರೀತಿಗೆ ಅರ್ಥವೂ ಬದಲಾಗುತ್ತದೆ. ಸಿನಿಮಾ ಒಮ್ಮೆ ಎಡಿಟ್ ಆದರೆ ಮುಗಿಯಿತು. ಎರಡನೇ ಸಲ ನೋಡುವಾಗಲೂ ಬಾಗಿಲು ಅದೇ ಕ್ಷಣಕ್ಕೆ ಕಿರ್ ಎನ್ನುತ್ತದೆ. ನಟಿಯರ ಮಟ್ಟಿಗೆ ನಿಮ್ಮ ಮಾತು ಸರಿ. ಸದ್ದು, ಕತ್ತಲೆ, ತಿರುವು ಇವುಗಳ ಮಟ್ಟಿಗೆ ಸರಿಯಲ್ಲ. ಮೂಲದ ಕೊನೆಯ ಯುಕ್ತಿಯನ್ನೇ ನೋಡಿ: ನಾಗವಲ್ಲಿಗೆ ಸೇಡು ತೀರಿತು ಎಂದು ಅನಿಸಬೇಕು, ಗಂಡನೂ ಬದುಕಬೇಕು. ಅದಕ್ಕೆ ತಿರುಗುವ ಹಲಗೆಯ ಮೇಲೆ ಮನುಷ್ಯನ ಜಾಗಕ್ಕೆ ಗೊಂಬೆ ಬರುವಂತೆ ಮಾಡುತ್ತಾರೆ. ಮೊದಲ ಸಲ ನೋಡಿದಾಗ ಎದೆ ಹೊಡೆದುಕೊಳ್ಳುತ್ತದೆ. ಎರಡನೇ ಸಲ ಕಣ್ಣು ಹಲಗೆಯ ಮೇಲೇ ಇರುತ್ತದೆ.

ಮಾವ: ಎರಡನೇ ಸಲವೂ ಕಣ್ಣು ಹೆಣ್ಣಿನ ಮೇಲೆ ಇದ್ದರೆ ನಟಿ ಗೆದ್ದಳು.

ಮುಂದಿನ ಭಾಗಗಳ ಮಾತು ಬಂದಾಗ ಇಬ್ಬರ ಅಭಿಪ್ರಾಯ ಹೆಚ್ಚು ದೂರ ಇರಲಿಲ್ಲ. 'ಆಪ್ತಮಿತ್ರ' ತೆರೆಗೆ ಬರುವ ಮೊದಲೇ, 2004ರ ಏಪ್ರಿಲ್ 17ರಂದು, ಬೆಂಗಳೂರಿನ ಹತ್ತಿರ ವಿಮಾನ ಬಿದ್ದು ಸೌಂದರ್ಯ ತೀರಿಕೊಂಡಿದ್ದರು. ಅದರ ಮುಂದಿನ ಭಾಗ 'ಆಪ್ತರಕ್ಷಕ' 2010ರ ಫೆಬ್ರವರಿ 19ರಂದು ಬಿಡುಗಡೆಯಾಗುವಾಗ ವಿಷ್ಣುವರ್ಧನ್ ಇರಲಿಲ್ಲ. 2009ರ ಡಿಸೆಂಬರ್ 30ರಂದು ಮೈಸೂರಿನಲ್ಲಿ ಅವರ ನಿಧನವಾಗಿತ್ತು. ಆ ಚಿತ್ರಕ್ಕೆ ಶ್ರೇಷ್ಠ ನಟ ರಾಜ್ಯ ಪ್ರಶಸ್ತಿ ಅವರಿಗೆ ಮರಣೋತ್ತರವಾಗಿ ಬಂತು.

ಮಾವ: ಎರಡು ಸಾವು ಸೇರಿಸಿ ನಾಗವಲ್ಲಿಯ ಶಾಪ ಎಂದು ಊರೆಲ್ಲ ಮಾತಾಯಿತು. ದೆವ್ವ ಇಲ್ಲ, ಅದು ಮನಸ್ಸಿನ ಕಾಯಿಲೆ ಎಂದು ಎರಡೂವರೆ ಗಂಟೆ ಹೇಳಿದ ಸಿನಿಮಾಕ್ಕೇ ದೆವ್ವ ಅಂಟಿಸಿದ ಜನ ಗಡ! ವಿಮಾನಕ್ಕೆ ವಿಮಾನದ ಕಾರಣ, ಹೃದಯಕ್ಕೆ ಹೃದಯದ ಕಾರಣ. ಸತ್ತವರ ಮನೆಯವರು ಆ ಮಾತು ಕೇಳಿ ಎಷ್ಟು ನೊಂದಿರಬೇಕು.

ಅಳಿಯ: ಆ ಮಾತಿಗೆ ಅವಕಾಶ ಕೊಟ್ಟದ್ದರಲ್ಲಿ ಎರಡನೇ ಭಾಗದ ಪಾಲೂ ಇದೆ. ಮೊದಲ ಚಿತ್ರದ ಕೊನೆಯಲ್ಲಿ ಗಂಗಾ ಗುಣವಾದಳು. ಗುಣವಾದ ರೋಗಿಗೆ ಎರಡನೇ ಭಾಗ ಎಲ್ಲಿಯದು? ಆ ಕತೆ ಮುಂದುವರಿಯಬೇಕಾದರೆ ಕಾಯಿಲೆ ಅಂಟುಜಾಡ್ಯವಾಗಬೇಕು. 'ಆಪ್ತರಕ್ಷಕ'ದಲ್ಲಿ ಅದೇ ಆಗಿದೆ: ನಾಗವಲ್ಲಿಯ ದೊಡ್ಡ ಚಿತ್ರಪಟ ಇನ್ನೊಂದು ಮನೆಗೆ ಹೋಗುತ್ತದೆ, ಪಟದ ಜೊತೆ ತೊಂದರೆಯೂ ಹೋಗುತ್ತದೆ. ಮೊದಲ ಚಿತ್ರದ ತಿರುವನ್ನೇ ಮತ್ತೆ ಹಾಕಿದ್ದಾರೆ, ಒಬ್ಬಳ ಮೇಲೆ ಅನುಮಾನ, ಕಾಯಿಲೆ ಇನ್ನೊಬ್ಬಳದ್ದು. ಆದರೆ ಈಗ ಪ್ರೇಕ್ಷಕನಿಗೆ ಆ ಆಟ ಗೊತ್ತು. ಅದಕ್ಕಾಗಿ ಇನ್ನೇನಾದರೂ ದೊಡ್ಡದು ಬೇಕಾಯಿತು. ಕನ್ನಡದ ಕತೆಯಲ್ಲಿ ನಾಗವಲ್ಲಿಯನ್ನು ಕೊಂದ ರಾಜಾ ವಿಜಯ ರಾಜೇಂದ್ರ ಬಹಾದ್ದೂರ್ ಇನ್ನೂ ಬದುಕಿದ್ದಾನೆ ಎಂದರು. ನೂರು ದಾಟಿದ ಮುದುಕ. ರಾಜನೂ ವಿಷ್ಣುವರ್ಧನ್, ಡಾಕ್ಟರೂ ವಿಷ್ಣುವರ್ಧನ್.

ಮಾವ: ಅಲ್ಲಿಗೆ ವೈದ್ಯಶಾಸ್ತ್ರ ಮುಗಿಯಿತು.

ಅಳಿಯ: ವೈದ್ಯಶಾಸ್ತ್ರ ಮುಗಿಯಿತು, ಸಿನಿಮಾ ಓಡಿತು. ಕನ್ನಡದ ಪ್ರೇಕ್ಷಕ ಆಗ ಹೆದರಲು ಹೋಗಲಿಲ್ಲ, ವಿಷ್ಣುವರ್ಧನರನ್ನು ಕೊನೆಯದಾಗಿ ನೋಡಲು ಹೋದ. ಆ ಲೆಕ್ಕ ಬೇರೆ ಭಾಷೆಗೆ ದಾಟಲಿಲ್ಲ. ಅದೇ ವರ್ಷದ ಡಿಸೆಂಬರಿನಲ್ಲಿ ವಾಸು ಅವರೇ ಅದನ್ನು ವೆಂಕಟೇಶ್ ಮತ್ತು ಅನುಷ್ಕಾ ಅವರನ್ನಿಟ್ಟು 'ನಾಗವಲ್ಲಿ' ಎಂದು ತೆಲುಗಿನಲ್ಲಿ ತೆಗೆದರು. ಅಲ್ಲಿ ಮೊದಲ ಭಾಗ ಎಂದು ಇದ್ದದ್ದು ತಮಿಳಿನಿಂದ ಡಬ್ ಆದ 'ಚಂದ್ರಮುಖಿ'. ಒಂದು ಭಾಷೆಯ ಡಬ್ಬಿಂಗಿನ ಮೇಲೆ ಇನ್ನೊಂದು ಭಾಷೆಯ ಸೀಕ್ವೆಲ್ಲಿನ ರೀಮೇಕು. ಅದು ನಿಲ್ಲಲಿಲ್ಲ. 2023ರಲ್ಲಿ ರಾಘವ ಲಾರೆನ್ಸ್, ಕಂಗನಾ ರನೌತ್ ಅವರನ್ನಿಟ್ಟು ತಮಿಳಿನಲ್ಲಿ 'ಚಂದ್ರಮುಖಿ 2' ಮಾಡಿದವರೂ ವಾಸು ಅವರೇ. ಒಬ್ಬರೇ ನಿರ್ದೇಶಕ ಮೂರು ಭಾಷೆಗಳಲ್ಲಿ ಐದು ಸಲ ಹೇಳಿದ ದೆವ್ವದ ಕತೆ ಭಾರತದಲ್ಲಿ ಇನ್ನೊಂದು ಸಿಗುವುದು ಕಷ್ಟ. ಐದರಲ್ಲಿ ಮೊದಲ ಎರಡು ಮಾತ್ರ ಮತ್ತೆ ನೋಡುವಂತಿವೆ.

ಮಾವ: ಹಿಂದಿಯವರು?

ಅಳಿಯ: ಹಿಂದಿಯವರು ಗಂಟು ಬಿಡಿಸಲಿಲ್ಲ, ಕತ್ತರಿಸಿದರು. 2022ರ 'ಭೂಲ್ ಭುಲೈಯಾ 2', ಅನೀಸ್ ಬಝ್ಮೀ ಅವರದ್ದು. ಮಂಜುಲಿಕಾ ಎಂಬ ಹೆಸರು ಮತ್ತು ಹಳೆಯ ಹಾಡುಗಳು ಉಳಿದವು, ಕತೆಯೇ ಬೇರೆ. ಅದರಲ್ಲಿ ದೆವ್ವ ನಿಜವಾಗಿಯೂ ಇದೆ. ತಬು ಎರಡು ಪಾತ್ರ ಮಾಡಿದರು. 2024ರಲ್ಲಿ ಮೂರನೆಯದೂ ಬಂತು, ವಿದ್ಯಾ ಬಾಲನ್ ಮರಳಿ ಬಂದರು. ಮೊದಲ ಚಿತ್ರ ಹದಿನೈದು ವರ್ಷ ಹಿಂದೆ ಇಲ್ಲ ಎಂದದ್ದನ್ನು ಎರಡನೆಯದು ಇದೆ ಎಂದಿತು, ಜನ ತಕರಾರು ಮಾಡಲಿಲ್ಲ. ವ್ಯಾಪಾರಕ್ಕೆ ಅದು ಜಾಣತನ. ಆದರೆ ಮೂಲವನ್ನು ಮೂಲವಾಗಿಸಿದ್ದ ಒಂದೇ ಮಾತನ್ನು ಅಳಿಸಿಹಾಕಿದ ಮೇಲೆ ಅದನ್ನು ಎರಡನೇ ಭಾಗ ಎನ್ನಲು ಅರ್ಥವಿಲ್ಲ. ಫಲಕ ಹಳೆಯದು, ಅಂಗಡಿ ಹೊಸದು.

ಮಾವ: ಉಪೇಂದ್ರರ 'ಕಲ್ಪನಾ' ಒಂದು ಬಂದಿತ್ತಲ್ಲ.

ಅಳಿಯ: 2012ರಲ್ಲಿ. ರಾಘವ ಲಾರೆನ್ಸ್ ಅವರ 2011ರ 'ಕಾಂಚನಾ'ದ ಕನ್ನಡ. ಅದೂ ಒಂದು ಸರಣಿಯ ಎರಡನೆಯದು, ಮೊದಲನೆಯದು 2007ರ 'ಮುನಿ'. ಮೊದಲನೆಯದನ್ನು ಬಿಟ್ಟು ಎರಡನೆಯದನ್ನೇ ಕನ್ನಡಕ್ಕೆ ತಂದರೂ ಏನೂ ಕೊರತೆ ಕಾಣಲಿಲ್ಲ. ಅಲ್ಲಿ ಪ್ರತಿ ಸಲ ಹೊಸ ದೆವ್ವ, ಹೊಸ ಅನ್ಯಾಯ. ಉಳಿಯುವುದು ಹೆದರುಪುಕ್ಕಲು ನಾಯಕ ಮತ್ತು ಅವನ ಮೈಮೇಲೆ ಬರುವ ಸತ್ತವರು, ಅಷ್ಟೇ. ಈ ಚೌಕಟ್ಟಿನಲ್ಲಿ ಎಷ್ಟು ಭಾಗ ಬೇಕಾದರೂ ಮಾಡಬಹುದು. ಕನ್ನಡದಲ್ಲಿ 2016ರಲ್ಲಿ 'ಕಲ್ಪನಾ 2' ಕೂಡ ಆಯಿತು. ಮೊದಲನೆಯದರಲ್ಲಿ ಮಂಗಳಮುಖಿಯ ಪಾತ್ರ ಮಾಡಿದ ಸಾಯಿಕುಮಾರ್ ಮಾತ್ರ ನೆನಪಲ್ಲಿ ಉಳಿಯುತ್ತಾರೆ.

ಮಾವ: ಕನ್ನಡದಿಂದ ಹೊರಗೆ ಹೋದದ್ದು ಇಲ್ಲವೇ? ಬರೀ ಒಳಗೆ ತಂದದ್ದೇ ಹೇಳುತ್ತಿದ್ದೀಯ.

ಅಳಿಯ: ಹೋಗಿದೆ. ನಿಮ್ಮ ಕಾಲದ್ದೇ ಒಂದು: 1979ರ 'ನಾ ನಿನ್ನ ಬಿಡಲಾರೆ', ಅನಂತನಾಗ್ ಮತ್ತು ಲಕ್ಷ್ಮಿ.

ಮಾವ: ಅದನ್ನು ನೋಡಿ ಬಂದ ಹೆಂಗಸರು ರಾತ್ರಿ ಹಿತ್ತಿಲ ಬಾಗಿಲು ದಾಟುತ್ತಿರಲಿಲ್ಲ. ದೆವ್ವ ಇದೆಯೋ ಇಲ್ಲವೋ ಎಂಬ ಪ್ರಶ್ನೆಯೇ ಅದರಲ್ಲಿಲ್ಲ. ಇದೆ, ಹೆಂಡತಿಯ ಮೈಯಲ್ಲಿ ಇದೆ, ಬಿಡಿಸಲು ರಾಘವೇಂದ್ರ ಸ್ವಾಮಿಗಳೇ ಬೇಕು. ಹೆದರಿಸುವಷ್ಟೇ ಗಟ್ಟಿಯಾಗಿ ಭಕ್ತಿಯನ್ನೂ ಹಿಡಿದ ಚಿತ್ರ.

ಅಳಿಯ: ಅದು 1981ರಲ್ಲಿ 'ಮಂಗಳಸೂತ್ರ' ಎಂದು ಹಿಂದಿಗೆ ಹೋಯಿತು. ಅನಂತನಾಗ್ ಅಲ್ಲಿಯೂ ಅವರೇ, ಲಕ್ಷ್ಮಿಯ ಜಾಗದಲ್ಲಿ ರೇಖಾ. ಕನ್ನಡದಲ್ಲಿ ಇವತ್ತಿಗೂ ಹೆಸರು ಹೇಳುವ ಚಿತ್ರ, ಹಿಂದಿಯಲ್ಲಿ ಯಾರ ಬಾಯಲ್ಲೂ ಇಲ್ಲ. ಆದರೆ ನಿಜವಾಗಿ ದೂರ ಹೋದದ್ದು ಪವನ್ ಕುಮಾರ್ ಅವರ 'ಯೂ ಟರ್ನ್', 2016ರದ್ದು. ಬೆಂಗಳೂರಿನ ಡಬಲ್ ರೋಡ್ ಫ್ಲೈಓವರು. ದೂರ ಸುತ್ತಿ ಬರುವ ಉದಾಸೀನಕ್ಕೆ ಬೈಕಿನವರು ನಡುವಿನ ವಿಭಜಕದ ಕಲ್ಲನ್ನು ಪಕ್ಕಕ್ಕೆ ಸರಿಸಿ ತಿರುಗಿಸಿಕೊಂಡು ಹೋಗುತ್ತಾರೆ. ಕಲ್ಲು ರಸ್ತೆಯ ಮೇಲೇ ಉಳಿಯುತ್ತದೆ. ಹಾಗೆ ತಿರುಗಿಸಿದವರು ಒಬ್ಬೊಬ್ಬರಾಗಿ ಸಾಯುತ್ತಾರೆ. ಅವರ ಪಟ್ಟಿ ಹಿಡಿದು ಲೇಖನ ಬರೆಯಲು ಹೊರಟ ಹುಡುಗಿ ಶ್ರದ್ಧಾ ಶ್ರೀನಾಥ್. ಇಲ್ಲಿ ಅರಮನೆಯೂ ಇಲ್ಲ, ನರ್ತಕಿಯೂ ಇಲ್ಲ. ದಿನಾ ಆ ರಸ್ತೆಯಲ್ಲಿ ಹೋಗುವವನು ಸಿನಿಮಾ ನೋಡಿ ಹೊರಗೆ ಬಂದು ಅದೇ ಫ್ಲೈಓವರ್ ಹತ್ತಬೇಕು. ಹೆದರಿಕೆ ಅಲ್ಲಿದೆ.

ಮಾವ: ತಪ್ಪು ಮಾಡಿದವನೇ ಹೆದರಬೇಕು. ಅದು ಸರಿ.

ಅಳಿಯ: ಮಲಯಾಳದಲ್ಲಿ 2017ರಲ್ಲಿ 'ಕೇರ್‌ಫುಲ್' ಎಂದು ಬಂತು. 2018ರಲ್ಲಿ ಪವನ್ ಕುಮಾರ್ ಅವರೇ ತೆಲುಗು, ತಮಿಳಿನಲ್ಲಿ ಸಮಂತಾ ಅವರನ್ನಿಟ್ಟು ತೆಗೆದರು, ಕೊನೆಯನ್ನು ಸ್ವಲ್ಪ ಬದಲಿಸಿದರು. 2020ರಲ್ಲಿ ಫಿಲಿಪ್ಪೀನ್ಸಿನವರು ತಮ್ಮ ಭಾಷೆಯಲ್ಲಿ ಮಾಡಿದರು. 2023ರಲ್ಲಿ ಹಿಂದಿಯಲ್ಲಿ, ಅದೂ ನೇರ ಮೊಬೈಲಿಗೆ. ನಾಗವಲ್ಲಿ ದಾಟಲು ಪ್ರತಿ ಭಾಷೆಯಲ್ಲಿ ಒಂದು ಅರಮನೆ, ಒಂದು ನೃತ್ಯ, ಒಂದು ಪಕ್ಕದ ಭಾಷೆ ಹುಡುಕಬೇಕಾಯಿತು. 'ಯೂ ಟರ್ನ್'ಗೆ ಬೇಕಾದದ್ದು ಟ್ರಾಫಿಕ್ಕು ಮತ್ತು ಅವಸರ. ಅದು ಇಲ್ಲದ ಊರು ಯಾವುದು? ಆದರೂ ಸಮಂತಾ ಅವರ ಚಿತ್ರದಲ್ಲಿ ನಾಯಕಿಗೆ ತೂಕ ಹೆಚ್ಚಿದಷ್ಟೂ ರಸ್ತೆಗೆ ತೂಕ ಕಡಿಮೆಯಾಯಿತು. 'ಆಪ್ತಮಿತ್ರ'ದಲ್ಲಿ ಮನೆಗೆ ಆದದ್ದೇ ಇಲ್ಲಿ ರಸ್ತೆಗೆ ಆಯಿತು. ಹಿಂದಿಯದ್ದಕ್ಕೆ ಅಷ್ಟೂ ಬಲವಿಲ್ಲ. ಅದು ಬರುವ ಹೊತ್ತಿಗೆ ಕತೆ ಎಲ್ಲರ ಫೋನಿನಲ್ಲೂ ಇತ್ತು.

ಮಾವ: ಅಂದರೆ ರೀಮೇಕಿನ ಕಾಲ ಮುಗಿಯಿತು ಎನ್ನುತ್ತೀಯ.

ಅಳಿಯ: ಹೆದರಿಸುವ ಚಿತ್ರಗಳ ಮಟ್ಟಿಗೆ ಬಹುಪಾಲು ಮುಗಿದ ಹಾಗೆ. ಕನ್ನಡದ ಡಬ್ಬಿಂಗ್ ಕಟ್ಟುಪಾಡಿನ ವಿರುದ್ಧ 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ತೀರ್ಪು ಕೊಟ್ಟಿತು. 2017ರಲ್ಲಿ ಅಜಿತ್ ಅವರ ತಮಿಳು ಚಿತ್ರ 'ಸತ್ಯದೇವ್ ಐಪಿಎಸ್' ಎಂದು ಕನ್ನಡದಲ್ಲಿ ಡಬ್ ಆಗಿ ಬಂತು. ಆಮೇಲೆ ಫೋನಿನಲ್ಲಿ ಎಲ್ಲ ಭಾಷೆಯೂ ಬಂತು. 2024ರಲ್ಲಿ 'ಮಣಿಚಿತ್ರತ್ತಾಳ್' ಅನ್ನೇ ತೊಳೆದು ಹೊಸದಾಗಿ ಥಿಯೇಟರಿಗೆ ಬಿಟ್ಟರು. ಗುಟ್ಟು ಗೊತ್ತಿಲ್ಲದ ಪ್ರೇಕ್ಷಕನನ್ನು ಈಗ ಎಲ್ಲಿಂದ ತರುವುದು? ಉಳಿದದ್ದು ಮುಂದಿನ ಭಾಗ, ಇಲ್ಲವೇ ಹಿಂದಿನ ಭಾಗ.

ಮಾವ: ಹಿಂದಿನ ಭಾಗ ಎಂದರೆ 'ಕಾಂತಾರ'ಕ್ಕೆ ಬಂದೆಯಾ?

ಅಳಿಯ: ಬರಲೇಬೇಕಲ್ಲ. ಅದಕ್ಕಿಂತ ಮೊದಲು ಕರಾವಳಿಯ ಇನ್ನೊಂದು ಎಳೆ ಇದೆ. ದೂರದರ್ಶನದಲ್ಲಿ 'ಗುಡ್ಡದ ಭೂತ' ಎಂಬ ಧಾರಾವಾಹಿ ಬಂದಿತ್ತು, ಸದಾನಂದ ಸುವರ್ಣರದ್ದು.

ಮಾವ: ಅದರ ಶೀರ್ಷಿಕೆ ಹಾಡು ಶುರುವಾದರೆ ಟೀವಿ ಇದ್ದ ಮನೆಯ ಜಗಲಿ ತುಂಬುತ್ತಿತ್ತು. ಅದರಲ್ಲಿ ನಟಿಸಿದ ಪ್ರಕಾಶ್ ರೈ ಆಗ ಇನ್ನೂ ಎಲ್ಲರಿಗೂ ಗೊತ್ತಿದ್ದ ಮುಖ ಅಲ್ಲ.

ಅಳಿಯ: ಅನೂಪ್ ಭಂಡಾರಿ 2015ರ 'ರಂಗಿತರಂಗ'ದಲ್ಲಿ ಆ ಹಾಡನ್ನು ಮತ್ತೆ ಬಳಸಿದರು. ಕತೆ ಬೇರೆ, ಊರು ಬೇರೆ. ಹೆದರಿಕೆಯ ಅಂಚಿನಲ್ಲಿ ಭೂತ ಇದ್ದು ಕೊನೆಗೆ ಕೈವಾಡ ಮನುಷ್ಯನದ್ದೇ. ಅದು ರೀಮೇಕಲ್ಲ, ಸೀಕ್ವೆಲ್ಲೂ ಅಲ್ಲ. ಆದರೆ ಟೀವಿಯ ಮುಂದೆ ಬೆಳೆದ ಒಂದು ತಲೆಮಾರಿನ ಹಳೆಯ ಹೆದರಿಕೆ ಆ ಒಂದು ಹಾಡಿನಿಂದ ಮೇಲೆದ್ದು ಬಂತು. ಮೂಲವನ್ನು ನೆನಪಿಸಲು ಮೂಲದ ಕತೆಯೇ ಬೇಕೆಂದಿಲ್ಲ.

ಮಾವ: 'ಕಾಂತಾರ'ವನ್ನು ಮಾತ್ರ ದೆವ್ವದ ಸಿನಿಮಾದ ಸಾಲಿಗೆ ಹಾಕಬೇಡ. ದೈವ ಬೇರೆ, ದೆವ್ವ ಬೇರೆ. ಇಲ್ಲಿ ಹಾಯ್ಗುಳಿ, ಬೊಬ್ಬರ್ಯ, ಪಂಜುರ್ಲಿ ಎಂದರೆ ಮನೆ ಬಿಟ್ಟು ಓಡಿಸಬೇಕಾದವರಲ್ಲ. ಮನೆಯವರು. ತಪ್ಪಿದರೆ ಕೇಳುತ್ತಾರೆ, ನಡೆದುಕೊಂಡರೆ ಕಾಯುತ್ತಾರೆ. ಪಾತ್ರಿಗೆ ದರ್ಶನ ಬಂದಾಗ ಕೈ ಮುಗಿಯುತ್ತೇವೆ, ಕಿರುಚುವುದಿಲ್ಲ.

ಅಳಿಯ: ಸಾಲಿಗೆ ಹಾಕುವುದಲ್ಲ. ಆದರೆ 2022ರಲ್ಲಿ ಕೆರಾಡಿಯ ರಿಷಬ್ ಶೆಟ್ಟಿ ಆ ಚಿತ್ರದಲ್ಲಿ ಬಳಸಿದ ಕೆಲವು ಸಾಧನಗಳು ಹೆದರಿಸುವ ಸಿನಿಮಾದವೇ: ರಾತ್ರಿಯ ಕಾಡು, ನಿದ್ದೆಯಲ್ಲಿ ಬೆಚ್ಚಿ ಏಳುವ ನಾಯಕ ಶಿವ, ಕಿವಿಗೆ ಹೊಡೆಯುವ ದೈವದ ಆ ಕೂಗು. ಹೊರಗಿನ ಪ್ರೇಕ್ಷಕ ಮೊದಲು ಹೆದರಿದ, ಆಮೇಲೆ ಕೈ ಮುಗಿದ. ಒಳಗಿನವನು ಮೊದಲೇ ಕೈ ಮುಗಿದಿದ್ದ. ಒಂದೇ ಸದ್ದು ಇಬ್ಬರಿಗೂ ಬೇರೆ ಬೇರೆ ಕೆಲಸ ಮಾಡಿತು. ಆ ಚಿತ್ರ ರೀಮೇಕಾಗಲಿಲ್ಲ, ಎರಡೇ ವಾರದಲ್ಲಿ ಹಿಂದಿಗೆ ಡಬ್ ಆಗಿ ಹೋಯಿತು. ರೀಮೇಕು ಮಾಡುವುದೂ ಹೇಗೆ? ಪಂಜುರ್ಲಿಯನ್ನು ಪಂಜಾಬಿಗೆ ಕರೆದುಕೊಂಡು ಹೋಗಿ ಯಾವ ಮನೆಯ ದೈವ ಎಂದು ಹೇಳುವುದು? ನಾಗವಲ್ಲಿಗೆ ಎಲ್ಲ ಊರಿನಲ್ಲೂ ಒಂದು ಕೋಣೆ ಸಿಕ್ಕಿತು. ದೈವಕ್ಕೆ ಅದರದ್ದೇ ನೆಲ ಬೇಕು.

ಮಾವ: ಈ ಮಾತು ಒಪ್ಪಿದೆ. ಹಾಗಾದರೆ 2025ರ 'ಕಾಂತಾರ: ಅಧ್ಯಾಯ 1' ಹೇಗೆ?

ಅಳಿಯ: ಮುಂದೆ ಹೋಗುವ ಬದಲು ಕದಂಬರ ಕಾಲಕ್ಕೆ, ಹಿಂದೆ ಹೋದರು. ಅಕ್ಟೋಬರ್ 2ರಂದು ಹಲವು ಭಾಷೆಗಳಲ್ಲಿ ಒಂದೇ ದಿನ ಬಿಡುಗಡೆ. 'ಆಪ್ತರಕ್ಷಕ'ಕ್ಕೆ ಇದ್ದ ತೊಂದರೆ ಇದಕ್ಕಿಲ್ಲ. ಮೊದಲ ಚಿತ್ರದ ಕೊನೆಯಲ್ಲಿ ಏನೂ ಗುಣವಾಗಿರಲಿಲ್ಲ, ಏನೂ ಬಿಡಿಸಿ ಹೇಳಿರಲಿಲ್ಲ. ಅಪ್ಪನೂ ಕಾಡಿನಲ್ಲಿ ಕಾಣೆಯಾದ, ಮಗನೂ ಕಾಣೆಯಾದ. ಹಿಂದೆ ಹೋಗಿ ಹೇಳಲು ಜಾಗ ಇತ್ತು. ಹಿಂದೆ ಹೋದ ಹಾಗೆ ಅರಮನೆ ದೊಡ್ಡದಾಯಿತು, ಯುದ್ಧ ದೊಡ್ಡದಾಯಿತು, ಗ್ರಾಫಿಕ್ಸು ಬಂತು. ಮೊದಲನೆಯದರಲ್ಲಿ ಕಂಬಳದ ಕೆಸರು, ಕೋಳಿ ಅಂಕ, ಫಾರೆಸ್ಟಿನವರ ಜೀಪು ಇದ್ದ ಜಾಗದಲ್ಲಿ ದೈವ ಬಂದಾಗ ಅದು ಪಕ್ಕದ ಮನೆಗೆ ಬಂದ ಹಾಗಿತ್ತು. ಎರಡನೆಯದರಲ್ಲಿ ಪುರಾಣಕ್ಕೆ ಬಂದ ಹಾಗಿದೆ. ಬೆರಗು ಹೆಚ್ಚು, ಬೆವರು ಕಡಿಮೆ.

ಮಾವ: ಪುರಾಣಕ್ಕೆ ಬರುವುದು ತಪ್ಪಲ್ಲ ಮಾಣಿ. ಪಾಡ್ದನಗಳಲ್ಲಿ ದೈವದ ಹುಟ್ಟು ಹೇಳುವಾಗಲೂ ಇಷ್ಟೇ ದೊಡ್ಡದಾಗಿ ಹೇಳುತ್ತಾರೆ. ಥಿಯೇಟರಿನಲ್ಲಿ ದೈವದ ವೇಷ ಹಾಕಿಕೊಂಡು ಬಂದು ಕೂಗಾಡಿದವರು ಇದ್ದರಲ್ಲ, ತಪ್ಪು ಅದು. ಸಿನಿಮಾದವರೇ ಹಾಗೆ ಮಾಡಬೇಡಿ ಎಂದು ಕೇಳಿಕೊಳ್ಳಬೇಕಾಯಿತು. ದೆವ್ವದ ಸಿನಿಮಾ ನೋಡಿ ಯಾರೂ ನಾಗವಲ್ಲಿಯ ಸೀರೆ ಉಟ್ಟು ಟಾಕೀಸಿಗೆ ಬಂದದ್ದು ಕೇಳಿಲ್ಲ.

ಅಳಿಯ: ನಾಗವಲ್ಲಿಯನ್ನು ಡಾಕ್ಟರು ಗುಣಪಡಿಸಿ ಕಳಿಸಿದ್ದರು, ಮಾವ. 'ಕಾಂತಾರ'ದ ದೈವ ಗುಳಿಗನನ್ನು ಯಾರೂ ಕಳಿಸಲಿಲ್ಲ. ಅವನು ಇಲ್ಲಿಯೇ ಇರುವವನು, ಮೂರನೇ ಭಾಗ ಬಂದರೂ ಬಾರದಿದ್ದರೂ.